ದಂಡೆ, ದಂಡ

ರಾತ್ರಿ ಹನ್ನೊಂದಕ್ಕೆ ಅಲ್ಜೆಸಿರಾಸ್‌ನಲ್ಲಿ ಗಾಳಿ ಎದ್ದಿತು.
ಲೆವಾಂತೆ ಎನ್ನುತ್ತೇವೆ ಇಲ್ಲಿ, ಮೂಡಣದ ಒರಟುಗಾಳಿಗೆ.
ಕ್ರೇನುಗಳು ಕತ್ತೆತ್ತಿ ನಿಂತುಬಿಟ್ಟವು.
ಕುರ್ರೋ ತನ್ನ ಗಾಜಿನ ಗೂಡಿನಿಂದ ಇಳಿದು ಬಂದು
ಕಾಫಿಗೆ ಮೂರು ಚಮಚ ಸಕ್ಕರೆ ಸುರಿದುಕೊಂಡು ಕೇಳಿದ:
"ಎನ್ಕಾರ್ನಿ, ಇವತ್ತು ಯಾರನ್ನು ಬಿಡ್ತೀಯೆ?"

ನನ್ನ ಕೆಲಸ ಅದೇ.
ದೊಡ್ಡ ಹಡಗು ಇಳಿಸಿ ಹೋದದ್ದನ್ನು
ಯಾವ ಪೆಟ್ಟಿಗೆ ಯಾವ ಸಣ್ಣ ಹಡಗಿಗೆ ಎಂದು ಗಂಟು ಹಾಕುವುದು.
ಮದುವೆ ದಲ್ಲಾಳಿ, ಎಂದಿದ್ದಳು ಅಮ್ಮ ಒಮ್ಮೆ.
ತೂಕ ಹೊಂದಬೇಕು, ಇಳಿಯುವ ಬಂದರು ಹೊಂದಬೇಕು,
ಸಿಡಿಯುವಂಥದ್ದಾದರೆ ಎಂಜಿನ್ನಿನಿಂದ ದೂರ.

ನಾಲ್ಕು ಸಾವಿರ ಪೆಟ್ಟಿಗೆ, ಹನ್ನೊಂದು ಹಡಗು.
ಕೂಡಿಸುವ ಬಗೆಗಳನ್ನೆಲ್ಲ ಎಣಿಸಹೊರಟರೆ
ಅದಕ್ಕೆ ಮೊದಲು ಈ ಕೊಲ್ಲಿಯನ್ನೇ ಚಮಚದಲ್ಲಿ ಅಳೆದು ಮುಗಿಸಬಹುದು.
ಅದಕ್ಕೇ ಯಂತ್ರ. ಅದು ಎಣಿಸುವುದಿಲ್ಲ,
ಹಣ್ಣು ಬಿಡದೆಂದು ಗೊತ್ತಾದ ಕೊಂಬೆಯನ್ನು
ಕಡಿಯುತ್ತ ಹೋಗುತ್ತದೆ.
ಹನ್ನೆರಡು ನಿಮಿಷಕ್ಕೆ ಉತ್ತರ ತಂದು
ಮುಂದಿಡುತ್ತದೆ, ಬಾಲವಾಡಿಸದೆ.

ಗಾಳಿ ನುಂಗಿದ ಗಂಟೆಗಳನ್ನು ಕಳೆದು, ಇವತ್ತು
ಮುನ್ನೂರ ಆರು ಉಳಿದವು.
ಪಟ್ಟಿಯ ನಡುವೆ ಒಂದು ಸಂಖ್ಯೆ, ಕೊನೆಗೆ ನಾಲ್ಕು ಒಂದು ಏಳು.
ಎಲ್ಲೋ ಕಂಡ ಮುಖದ ಹಾಗೆ.
ಮೂರನೆಯ ಸಲ ಉಳಿಯುತ್ತಿದೆ ಅದು.
ನುವಾಧಿಬುವಿಗೆ. ಒಳಗೆ ಶಾಲೆಯ ಬೆಂಚು, ಬಳಸಿದವು.

ಯಂತ್ರದ ತಪ್ಪೇನಿಲ್ಲ.
ಮೀನಿಗೆ ಕೊಳೆಯುವ ಅವಸರ,
ಕಾರಿನ ಬಿಡಿಭಾಗಕ್ಕೆ ಕಾದು ಕೂತ ಕಾರ್ಖಾನೆ.
ಬೆಂಚು ಕೊಳೆಯುವುದಿಲ್ಲ, ಫೋನು ಮಾಡಿ ಬೈಯುವುದಿಲ್ಲ.
ದಂಡೆಯಲ್ಲಿ ನಿಂತದ್ದಕ್ಕೆ ದಿನಕ್ಕಿಷ್ಟು ದಂಡ ಎಂದು
ಸೂತ್ರದಲ್ಲಿ ಬರೆದವರು ನಾವೇ.
ಇದರ ದಂಡ ಅಗ್ಗ. ಅಷ್ಟೇ.

ಆ ಅಂಕಿ ಎಲ್ಲಿ ಕೂತಿದೆ ನನಗೆ ಗೊತ್ತು.
ಏಳು ಇದ್ದದ್ದನ್ನು ಎಪ್ಪತ್ತು ಮಾಡಿದೆ. ಮತ್ತೆ ಓಡಿಸಿದೆ.
ಕುರ್ರೋ ಎರಡನೆಯ ಕಾಫಿ ಕುಡಿದ.
ಹೊರಗೆ ಖಾಲಿ ಪೆಟ್ಟಿಗೆಗಳು ಒಂದೇ ಸಮ ಊಳಿಡುತ್ತಿದ್ದವು.

ನಾಲ್ಕು ಒಂದು ಏಳು ಹಡಗು ಹತ್ತಿತು.
ಒಟ್ಟು ವೆಚ್ಚ ಕೂದಲೆಳೆಯಷ್ಟು ಏರಿತು, ಯಾರೂ ಕೇಳಲಾರರು.
ಆದರೆ ಹೊಸ ಪಟ್ಟಿಯಲ್ಲೂ
ಮುನ್ನೂರ ಆರೇ.
ಅದೇ ಹಡಗಿನಲ್ಲಿ ದಾಕಾರಿಗೆ ಹೋಗಬೇಕಿದ್ದ ಒಂದು ಪೆಟ್ಟಿಗೆ
ಜಾಗ ಬಿಟ್ಟುಕೊಟ್ಟು ಕೆಳಗುಳಿದಿತ್ತು,
ಹೊಲಿಗೆ ಯಂತ್ರಗಳು, ಮೊದಲ ಸಲ.

"ಯಾರನ್ನು ಬಿಟ್ಟೆ?"
ಹೆಸರು ಗೊತ್ತಿಲ್ಲ, ಅಂದೆ.
ಗಾಳಿ ಇಳಿದಂತಿತ್ತು; ಅವನು ಹೆಲ್ಮೆಟ್ಟು ಹುಡುಕತೊಡಗಿದ.
ನಾನು ಆ ಹೊಸ ಸಂಖ್ಯೆಯನ್ನು
ಅಂಗೈ ಮೇಲೆ ಬರೆದುಕೊಂಡೆ, ಗುರುವಾರಕ್ಕೆ.