ಹಲಗೆ ಮುಟ್ಟದ ಮೂಲೆ

ಸಾಣಿಕಟ್ಟಾದ ಉಪ್ಪಿನಾಗರದ ದಂಡೆಯಲ್ಲಿ
ಶಾಲೆಯ ದುರ್ಬೀನು ಮೂರು ಕಾಲೂರಿ ನಿಂತಿತ್ತು.
ಬೀರಮ್ಮ ಆಗೇರ ಒಂದು ಕಣ್ಣು ಮುಚ್ಚಿ ನೋಡಿದಳು:
‘ಸಾಡೇಸಾತಿ ಅಂತ ನಮ್ಮನೆ ಬಿಡದಿದ್ದವ ಇವನೇಯಾ, ಮಾಸ್ತರೆ?
ಇಷ್ಟೇ ಇಷ್ಟು!
ಸಾಸಿವೆ ಕಾಳಿಗೆ ಬಳೆ ತೊಡಿಸಿದ ಹಾಗೆ.’

ಕಾಣದ್ದನ್ನು ನಾನು ಹೇಳಿದೆ:
ಬಳೆಯೆಂದರೆ ಬರೀ ಹಿಮದ ಹರಳುಗಳ ಓಟ.
ಒಳಗೆ ಶನಿಯ ಸೆಳೆತ, ಕೂಡಿದ್ದನ್ನು ಕೂಡಲೇ ಬಿಡಿಸುತ್ತದೆ.
ಹೊರ ಅಂಚಿನಲ್ಲಿ ಅವನ ಹಿಡಿತ ಸಡಿಲ,
ಅಲ್ಲಿ ಹರಳಿಗೆ ಹರಳು ಅಂಟಿ
ಒಂದು ಉಬ್ಬು.
ಉಳಿದರೆ ಚಂದ್ರ.

ಅವಳು ನಗಲಿಲ್ಲ. ಮೊಬೈಲಿನ ಬೆಳಕು ಹಿಡಿದು
ಗದ್ದೆಯ ಬದುವಿನಲ್ಲಿ ಕುಕ್ಕರಗಾಲಲ್ಲಿ ಕೂತಳು.
‘ನಡುವೆ ನಮ್ಮ ಹಲಗೆ ಆಡ್ತಾನೇ ಇರ್ತದೆ, ಅಲ್ಲಿ ಪುಡಿ.
ಇಲ್ಲಿ, ಹಲಗೆ ಮುಟ್ಟದ ಮೂಲೆಲಿ, ನೋಡಿ.’
ಅಂಗೈಯಲ್ಲಿ ನೆಲ್ಲಿಕಾಯಿ ಗಾತ್ರದ ಹರಳು,
ಮೈಯೆಲ್ಲ ಮೂಲೆ.

ಅಘನಾಶಿನಿಯ ಭರತದ ನೀರು ತೂಬಿಗೆ ತಾಗುವ ಸದ್ದು.

‘ಉಳೀತದಾ, ಮೇಲಿದ್ದದ್ದು?’
ಗೊತ್ತಿಲ್ಲ ಎಂದೆ. ಬೆಳೆಯಬಹುದು,
ಒಡೆದು ಮತ್ತೆ ಬಳೆಗೇ ಸೇರಬಹುದು.
‘ಇದೂ ಅಷ್ಟೇ. ಒಂದು ಮಳೆ ಸಾಕು’
ಎನ್ನುತ್ತ ಹರಳನ್ನು
ಹೆಕ್ಕಿದಲ್ಲೇ ಇಟ್ಟಳು.