ಒರಿಜಿನಲ್

ಕೂತ್ಕೊಳ್ಳಿ ಸಾರ್. ಆ ಸ್ಟೂಲ್ ಬೇಡ,
ಅದರ ಒಂದು ಕಾಲು ಸರಿಯಿಲ್ಲ.
ಗೌರಿಬಿದನೂರಿಂದ ಶಿಡ್ಲಘಟ್ಟಕ್ಕೆ ಬೈಕಲ್ಲಿ ಬಂದಿದೀರಿ,
ಟಾರ್ಚು ಬೇರೆ ತಂದಿದೀರಿ,
ಹಾಗಾದ್ರೆ ನೀವು ಹುಡುಕೋಕೆ ಮುಂಚೆ ನಾನೇ ಹೇಳಿಬಿಡ್ತೀನಿ.

ಜಪಾನಿಂದು ಅಂತಾರೆ. ಅರವತ್ತೇಳೋ ಅರವತ್ತೆಂಟೋ.
ತಲೆ ಮೇಲಿದ್ದ ಹೆಸರು ಸವೆದು ಒಂದು 'ಟಿ' ಮಾತ್ರ ಉಳಿದಿದೆ,
ಅದನ್ನು ಹಿಡ್ಕೊಂಡು ನಾನು ಯಾವ ಕಂಪನಿ ಹೆಸರೂ ಕಟ್ಟಲ್ಲ.
ಮೊದಲು ಕೊಂಡವರು ಮಾರಿಕುಪ್ಪಂನ ಆರೋಕ್ಯದಾಸ್.
ಗಣಿಯಲ್ಲಿ ರಾತ್ರಿ ಪಾಳಿ,
ಹಗಲೆಲ್ಲ ಇದರ ಪಾಳಿ.

ಬಣ್ಣ ಒರಿಜಿನಲ್ ಅಲ್ಲ.
ಚಿಂತಾಮಣಿ ಗಂಗುಲಪ್ಪ, ಲಾರಿ ಪೇಂಟರು, ಮೂರು ಕೋಟು ಹೊಡೆದ.
ಹಿಂದೆ 'ಸೌಂಡ್ ಹಾರ್ನ್' ಬರೀತೀನಿ ಅಂತ ಹಟ ಹಿಡಿದ. ಬೈದೆ.
ಆದರೂ ಬೆಲ್ಟಿನ ಗುಬ್ಬಿ ಪಕ್ಕ ನೋಡಿ,
ಅವರೆಕಾಳಷ್ಟು ಒಂದು ತಾವರೆ. ಕದ್ದು ಬಿಡಿಸಿದ್ದು.
ಅದಕ್ಕೆ ಐನೂರು ಕಮ್ಮಿ ಮಾಡ್ಕೊಳ್ಳಿ.

ಐದು ಬಿರಡೆ ಹಳೇವು. ಆರನೇದು ಮ್ಯಾಂಡೊಲಿನ್‌ದು,
ಚಳಿಗೆ ಸ್ವಲ್ಪ ಜಾರುತ್ತೆ.
ಕತ್ತಿನ ಹತ್ತಿರ ಬಿರುಕಿತ್ತು,
ಮರವಜ್ರ ಕಾಸಿ ಹಾಕಿದ್ದು, ಟ್ಯೂಬಿನ ಗೋಂದಲ್ಲ.
ಸ್ವಿಚ್ಚು ಮಿಕ್ಸೀದು. ಒಂದು, ಎರಡು, ಮೂರು.
ಮೂರಕ್ಕೆ ತಿರುಗಿಸಿದ್ರೆ ಚಟ್ನಿ ಆಗಲ್ಲ, ನಗಬೇಡಿ,
ಎರಡೂ ಕಾಯಿಲು ಒಟ್ಟಿಗೆ ಮಾತಾಡ್ತವೆ.

ಕಾಯಿಲು. ಇದನ್ನ ನಿಧಾನಕ್ಕೆ ಕೇಳಿ.
ಫ್ಯಾನು, ಪಂಪುಸೆಟ್ಟು ಸುತ್ತಿದ ಕೈ ನಂದು,
ಇದರ ತಂತಿ ಕೂದಲಿಗಿಂತ ಸಣ್ಣ,
ಮುಟ್ಟಿದ್ರೆ ಪಟ್. ಹನ್ನೊಂದು ಸಲ ಪಟ್.
ಕೊನೆಗೆ ಓಣಿ ಆಚೆ ರೀಲಿಂಗಿನ ಮೆಹಬೂಬಿ ಹತ್ತಿರ ಹೋದೆ.
ಮೂವತ್ತು ವರ್ಷ ಬಿಸಿನೀರಲ್ಲಿ ಗೂಡಿನ ಎಳೆ ಹುಡುಕಿದ ಬೆರಳು,
ಗೆರೆ ಸವೆದು ಆಧಾರ್ ಮೆಷಿನ್ನು ಗುರುತು ಹಿಡಿಯಲ್ಲ.
ತಂತಿ ಹಿಡೀತು.
ಚರಕಕ್ಕೆ ಕಾಯಿಲು ಕಟ್ಟಿ
ಏಳು ಸಾವಿರದ ಇನ್ನೂರು ಸುತ್ತು.
ಐದು ಸಾವಿರದ ಹತ್ತಿರ ಕರೆಂಟು ಹೋಗಿ ಜಗ್ಗಿತು,
ಅಲ್ಲೊಂದು ಬೆಸುಗೆ ಇದೆ. ಕಾಣಲ್ಲ. ಕೇಳುತ್ತೋ ಏನೋ, ನೀವೇ ಹೇಳಬೇಕು.
"ಇಷ್ಟು ನೂಲಲ್ಲಿ ಒಂದು ಕುಪ್ಪಸಾನೂ ಆಗಲ್ವಲ್ಲಣ್ಣಾ" ಅಂದ್ಲು.
ಕೂಲಿ ಎಷ್ಟಮ್ಮ ಅಂದ್ರೆ,
ಮೊದ್ಲು ಅದು ಹೆಂಗೆ ಕೂಗುತ್ತೋ ಕೇಳ್ಸು ಅಂದ್ಲು.
ಕೇಳಿಸಿದೆ. ಬಾಗಿಲಲ್ಲೇ ನಿಂತು ಕೇಳಿದ್ಲು.
ಆಮೇಲೆ ಕೂಲಿ ತಗೊಂಡ್ಲು, ಎರಡು ಸಲ ಎಣಿಸಿ.

ಯಾಕೆ ಮಾರ್ತೀಯ ಅಂತ ಕೇಳಲ್ವಾ? ಎಲ್ಲರೂ ಕೇಳ್ತಾರೆ.
ರೆಡಿ ಆಯ್ತಲ್ಲ, ಅದಕ್ಕೆ.
ರಿಪೇರಿ ಮುಗಿದ ಸಾಮಾನು ಅಂಗಡಿಯಲ್ಲಿದ್ರೆ ಜಾಗ ತಿನ್ನುತ್ತೆ.
ನನಗೆ ನುಡಿಸೋಕೆ ಬರಲ್ಲ.

ನೀವು ಬಗ್ಗಿ, ಟಾರ್ಚು ಬಾಯಲ್ಲಿ ಕಚ್ಚಿ,
ತಿರುಪು ಬಿಚ್ಚಿ ಒಳಗೆಲ್ಲ ನೋಡಿದ್ರಿ.
ನಾನು ಹೇಳ್ತಾ ಹೇಳ್ತಾ ಇಪ್ಪತ್ತೆರಡು ಸಾವಿರ
ಹದಿನೇಳಕ್ಕೆ ಇಳಿದಿತ್ತು,
ನೀವಿನ್ನೂ ಬಾಯೇ ಬಿಟ್ಟಿರಲಿಲ್ಲ.
ಆಮೇಲೆ ಒಂದೇ ತಂತಿ, ಒಂದೇ ಸಲ ಮೀಟಿ
ಅದು ಪೂರ್ತಿ ಅಡಗೋವರೆಗೆ ಸುಮ್ಮನಿದ್ರಿ.
ಹೊರಗೆ ಗೂಡಿನ ಟೆಂಪೋ ಒಂದು
ಹಿಂದಕ್ಕೆ ಹೋಗ್ತಾ ಬಡ್ಕೋತಾ ಇತ್ತು.
ಇಪ್ಪತ್ತೆರಡೇ ಎಣಿಸಿ ಬೆಂಚಿನ ಮೇಲಿಟ್ರಿ.

"ಹಳೇ ಕಾಯಿಲು ಇದ್ರೆ ಕೊಡಿ.
ಸುಟ್ಟಿದ್ರೂ ಪರವಾಗಿಲ್ಲ, ಜೊತೆಗಿರಲಿ."

ಬಿಸಾಕಿದೆ, ಅಂದೆ.

ನಿಮ್ಮ ಬೈಕು ಬಸ್‌ಸ್ಟ್ಯಾಂಡು ದಾಟೋ ಹೊತ್ತಿಗೆ ಡ್ರಾಯರ್ ಎಳೆದೆ.
ಕೆಪಾಸಿಟರುಗಳ ಕೆಳಗೆ, ಬೀಡಿ ಕಟ್ಟಿನ ಕಾಗದದಲ್ಲಿ,
ಕರ್ರಗೆ. ಇನ್ನೂ ಅದೇ ವಾಸನೆ.

ಎಂಬತ್ತಾರು. ಬಂಗಾರಪೇಟೆ. ಸ್ಟೇಜಿನ ಹಿಂದೆ ಕತ್ತಲು.
ಆರ್ಕೆಸ್ಟ್ರಾದ ವೈರು ಹೊರೋ ಹುಡುಗನಿಗೆ ಹದಿಮೂರು.
ಯಾವ ಪಿನ್ನು ಯಾವ ತೂತಿಗೆ ಅಂತ
ಅವನು ಯಾರನ್ನೂ ಕೇಳಲಿಲ್ಲ.

ಆರೋಕ್ಯದಾಸ್ ಹೊಡೀಲಿಲ್ಲ.
ಗಿಟಾರು ಕೈಗೆ ಕೊಟ್ಟು, ನೀನೇ ಇಟ್ಕೋ, ಕಲಿ, ಅಂದ್ರು.
ನುಡಿಸೋದನ್ನೋ
ರಿಪೇರಿಯನ್ನೋ
ಅದು ಹೇಳಲಿಲ್ಲ.