ಪೇಟಿ ರಿಪೇರಿ

ಗದಗಿನಿಂದ ರಾತ್ರಿ ಬಿಟ್ಟ ರೈಲು
ಯಶವಂತಪುರದಲ್ಲಿ ನನ್ನನ್ನಿಳಿಸಿದಾಗ
ಐದೂವರೆ. ಬಾಯಿ ತೆರೆದರೆ ಹೊಗೆ.
ಚೀಲದಲ್ಲಿ ಅರ, ಚಿಮಟ, ಹಿತ್ತಾಳೆಯ ನಾಲಿಗೆಗಳು,
ಮೇಕೆಯ ತೆಳ್ಳನೆ ಚರ್ಮ, ಅವ್ವ ಕಟ್ಟಿದ ರೊಟ್ಟಿ.
ವರ್ಷವಿಡೀ ನಾನು ಭಜನೆಯವರ ಮನುಷ್ಯ,
ನಾಟಕ ಕಂಪನಿಯವರ ಮನುಷ್ಯ;
ಡಿಸೆಂಬರಿನ ಈ ಹತ್ತು ದಿನ ಮಾತ್ರ
ಬೆಂಗಳೂರಿನ ಚರ್ಚುಗಳವನು.

ಮೊದಲು ಶಿವಾಜಿನಗರ. ಅಲ್ಲಿ ಕೆಲಸವಿಲ್ಲ, ಬರೀ ಭೇಟಿ.
ಮಾತೆ ಸೀರೆ ಉಟ್ಟಿದ್ದಾಳೆ, ಈ ಸಲ ಗಿಣಿಹಸಿರು.
ಸೆರಗಿಗೆ ಪಿನ್ನು ಯಾರು ಹಾಕುತ್ತಾರೋ.
ಹೊರಗೆ ಮೇಣದ ಕೈ, ಮೇಣದ ಕಾಲು, ಮೇಣದ ಮನೆ ಮಾರುವವಳು
"ಯಾವುದು ನೋಯ್ತದಣ್ಣ?" ಎಂದಳು.
ಕಿವಿ ಇದೆಯೇ ಎಂದೆ.
ಹುಡುಕಿದಳು ಪಾಪ, ಬುಟ್ಟಿ ತಲೆಕೆಳಗು ಮಾಡಿ.

ದಂಡಿನ ಕಡೆಯ ಹಳೇ ಚರ್ಚಿನಲ್ಲಿ
ಪೆಡಲು ತುಳಿಯುವ ಆರ್ಗನ್ನು, ಒಳಗೆ ಇಲಿಯ ಸಂಸಾರ;
ಹಾಡಿನ ಪುಸ್ತಕವನ್ನೇ ಕತ್ತರಿಸಿ ಹಾಸಿಕೊಂಡಿವೆ.
ಗೋಡೆಯ ಅಮೃತಶಿಲೆಯಲ್ಲಿ ಒಬ್ಬ ಲೆಫ್ಟಿನೆಂಟ್,
ಇಪ್ಪತ್ತೆರಡು ವರ್ಷ, ಕಾಲರಾ.
ಅವನ ಕೆಳಗೇ ಕೂತು ರೊಟ್ಟಿ ತಿಂದೆ.
ಫಿಲಿಸ್ ಮೇಡಂ, ತೊಂಬತ್ತಾದರೂ ನೆಟ್ಟಗೆ ನಿಂತು,
ಫ್ಲಾಸ್ಕಿನಿಂದ ಚಹ ಬಗ್ಗಿಸುತ್ತ ಕೇಳಿದರು:
"ಮುಂದಿನ ವರ್ಷವೂ ಇರುತ್ತೀಯಲ್ಲ?"
ನಾನು ಕೇಳಬೇಕಾದ ಪ್ರಶ್ನೆ ಅದು.

ಆಮೇಲೆ ಎರಡು ಬಸ್ಸು ಬದಲಿಸಿ, ಊರಂಚಿನ ಪಾಳ್ಯ.
ಬಿದಿರುಕಡ್ಡಿಯ ನಕ್ಷತ್ರಗಳು ಮನೆಮನೆಗೆ;
ಒಂದಕ್ಕೆ ನಾಲ್ಕೇ ಮೂಲೆ, ಯಾರೋ ಆತುರದವರು.
ಜಗಲಿಯಲ್ಲಿ ಮಕ್ಕಳು ಹೊಸ ಬಾಚಣಿಗೆಯ ಮೇಲೆ
ಹಿಟ್ಟು ಒತ್ತಿ ಕಲಕಲ ಸುರುಳಿ ಸುತ್ತುತ್ತಿದ್ದಾರೆ.
ಚೌರಮ್ಮನ ಮಂಕರಿ, ಹಳೇ ತಟ್ಟೆ, ಎಣ್ಣೆ ಡಬ್ಬದ ಮುಚ್ಚಳ,
ಎಲ್ಲದರಲ್ಲೂ ಬೆರಳುದ್ದ ರಾಗಿ ಪೈರು.
"ಗೋದಲಿಗೆ ಹುಲ್ಲು ಬೇಡವಾ? ಮೊದಲೇ ಚೆಲ್ಲಿರ್ತೀವಿ.
ಬೆತ್ಲೆಹೇಮಲ್ಲಿ ಏನು ಬೆಳೀತಾರೋ ಕಾಣೆ,
ನಮ್ಮ ಸ್ವಾಮಿ ಹುಟ್ಟೋದು ರಾಗಿ ಹೊಲದಾಗೆ."

ಅಲ್ಲಿಯ ಪೇಟಿಯಲ್ಲಿ ಒಂದು ನಿಷಾದ ತಗ್ಗು.
ಎಷ್ಟು ವರ್ಷದಿಂದಲೋ.
ನಾಲಿಗೆಯ ತುದಿ ಕೆರೆದೆ, ಸೂಜಿಮೊನೆಯಷ್ಟು;
ಏರಿತು, ಸರಿಯಾಗಿ ಬಂತು. ಬೀಗಿದೆ.
ಸಂಜೆ ಅಭ್ಯಾಸಕ್ಕೆ ಕೂತರು
ಏಳು ಜನ ಮುದುಕಿಯರು, ಒಬ್ಬ ಇನ್ನಾಸಪ್ಪ.
ಆ ಸ್ವರದ ಹತ್ತಿರ ಬಂದಾಗಲೆಲ್ಲ ಹಾಡು ಎಡವಿತು,
ಮನೆಯ ಮೆಟ್ಟಿಲನ್ನು ಯಾರೋ ರಾತ್ರೋರಾತ್ರಿ
ಎತ್ತರಿಸಿಟ್ಟ ಹಾಗೆ.
ಚೌರಮ್ಮ ನಿಲ್ಲಿಸಿ ನನ್ನತ್ತ ತಿರುಗಿದಳು:
"ನೀನು ಸರಿ ಮಾಡಿದ ಮೇಲೆ
ನಾವೆಲ್ಲ ತಪ್ಪಾಗಿಬಿಟ್ವಲ್ಲಪ್ಪ."

ಬುಡ ಕೆರೆದರೆ ಸ್ವರ ಇಳಿಯುತ್ತದೆ.
ಕಲಿಸಿದ ಉಸ್ತಾದರು ಎಲ್ಲಿದ್ದರೂ ಕ್ಷಮಿಸಲಿ.
ಇನ್ನಾಸಪ್ಪ ಟಾರ್ಚು ಹಿಡಿದು ನಿಂತಿದ್ದ;
ಅಷ್ಟು ಜಾಗ್ರತೆಯಿಂದ ನಾನು
ಎಂದೂ ಏನನ್ನೂ ಕೆಡಿಸಿರಲಿಲ್ಲ.

ನಡುರಾತ್ರಿ. ಮಂಜು. ಮಫ್ಲರು, ಮಂಕಿ ಟೋಪಿ,
ಹೊಸ ಚಪ್ಪಲಿಯ ಕಿರುಗುಟ್ಟು.
ಗಂಟೆ ಹೊಡೆದಾಗ ಗೋದಲಿಯ ಬಟ್ಟೆ ಸರಿಸಿದರು:
ಪೈರಿನ ನಡುವೆ ಅಂಗೈಯಷ್ಟು ಕೂಸು,
ಕುರಿ ಸಾಲದೆಂದು ಯಾವ ಹುಡುಗನೋ ನಿಲ್ಲಿಸಿದ
ಪ್ಲಾಸ್ಟಿಕ್ ಡೈನೋಸಾರು.
ಹಾಡಿದರು. ನಿಷಾದ ಬಂತು, ತಗ್ಗಿಯೇ ಬಂತು.
ಏಳು ಜನ ಮುದುಕಿಯರೂ
ಗಿಡ್ಡ ಬಾಗಿಲಿಗೆ ತಲೆ ತಗ್ಗಿಸುವಂತೆ ತಗ್ಗಿಸಿ
ಅದರೊಳಗೆ ಹಾದುಹೋದರು.

ಕೂಲಿ: ನಾನೂರು ರೂಪಾಯಿ, ಪೇಪರಿನಲ್ಲಿ ಸುತ್ತಿದ ಕೇಕು,
ಬೇರುಸಮೇತ ಒಂದು ಹಿಡಿ ಪೈರು.
"ದನಕ್ಕೆ ಹಾಕು" ಎಂದಳು.
ನನಗೆ ದನವಿಲ್ಲವೆಂದು ಹೇಳಲಿಲ್ಲ.

ಅರಸೀಕೆರೆ ದಾಟುವಾಗ ಕೇಕು ಮುಗಿದಿತ್ತು.
ಗೊತ್ತಿಲ್ಲದೆ ಗುನುಗುತ್ತಿದ್ದೆನೇನೋ;
ಎದುರು ಸೀಟಿನವರು, ಸಂಗೀತ ಬಲ್ಲವರಿರಬೇಕು,
ಒಂದು ಕಡೆ, ಅದೊಂದೇ ಕಡೆ,
ಹುಬ್ಬು ಗಂಟಿಕ್ಕಿದರು.